ಅಣ್ಣನಿಗಾಗಿ ಬದಲಿಸಿದ ಪದ

ವಕೀಲರ ಆಫೀಸಿನಲ್ಲಿ ಇಪ್ಪತ್ತೆರಡು ವರ್ಷ ಇಂಗ್ಲಿಷ್ ಪತ್ರ ಟೈಪು ಮಾಡಿದವಳಿಗೆ ‘ಶಲ್’ ಯಾವುದು, ‘ಮೇ’ ಯಾವುದು ಎಂದು ಯಾರೂ ಹೇಳಿಕೊಡಬೇಕಿರಲಿಲ್ಲ. ‘ಶಲ್’ ಅಂದರೆ ಕೊಡಲೇಬೇಕು. ‘ಮೇ’ ಅಂದರೆ ಮನಸ್ಸಾದರೆ ಕೊಡಬಹುದು, ಅಷ್ಟೇ. ಹೊಸದಾಗಿ ಬಂದ ಜೂನಿಯರುಗಳಿಗೆ ಅವಳೇ ಗದರುತ್ತಿದ್ದಳು: “ಇವೆರಡನ್ನ ಅದಲುಬದಲು ಮಾಡಿದ್ರೆ ಯಾರದೋ ಮನೆ ಮುರಿಯುತ್ತೆ ಕಣ್ರಪ್ಪಾ!” ಕೋರ್ಟಿನ ಸುತ್ತಮುತ್ತ ಅವಳಿಗೆ ಡ್ರಾಫ್ಟಕ್ಕ ಅಂತಲೇ ಹೆಸರು.

ಅಪ್ಪ ತೀರಿಕೊಂಡ ಮೇಲೆ ಮನೆ ಅಣ್ಣನಿಗೆ, ಮದುವೆಯಾಗದ ಅವಳಿಗೆ ಬದುಕಿರುವಷ್ಟು ಕಾಲ ಮಹಡಿಯ ಕೋಣೆ ಎಂದು ಮಾತಾಯಿತು. ಪತ್ರವನ್ನು ಅವಳೇ ಟೈಪು ಮಾಡಿದಳು. ಅಣ್ಣ ಕೋಣೆ ಕೊಡುವ ಕಡೆ ‘ಶಲ್’ ಎಂದೇ ಹಾಕಿದ್ದಳು. ಅಣ್ಣ ಬಗ್ಗಿ ಓದಿ ಮುಖ ಸಪ್ಪಗೆ ಮಾಡಿಕೊಂಡ.

“ಏನಮ್ಮಾ, ಕೊಡಲೇಬೇಕು ಅಂತ ಬರೆಸ್ಕೋತೀಯಾ? ನಾನೇನು ನಿನ್ನ ಬೀದಿಗೆ ತಳ್ತೀನಾ? ನೋಡಿದೋರು ಏನಂದ್ಕೋತಾರೆ? ‘ಮೇ’ ಅಂತ ಹಾಕು, ಮರ್ಯಾದೆಯಾಗಿರುತ್ತೆ.”

ಅಯ್ಯೋ, ಆಗಲಾದರೂ ಬಾಯಿ ಬಿಡಬಾರದಿತ್ತೇ! ಊರಿಗೆಲ್ಲ ಬುದ್ಧಿ ಹೇಳುವವಳು ಅಣ್ಣನ ಸಪ್ಪೆ ಮುಖಕ್ಕೆ ಕರಗಿ ನೀರಾದಳು. ಅಳಿಸಿದಳು, ‘ಮೇ’ ಎಂದು ಕುಟ್ಟಿದಳು, ಸಹಿಯನ್ನೂ ಹಾಕಿದಳು.

ಮೂರು ವರ್ಷಕ್ಕೆ ಅಣ್ಣನ ಮಗನ ಮದುವೆ ಗೊತ್ತಾಯಿತು, ಕೋಣೆ ಬೇಕಾಯಿತು. “ಕೊಡಬಹುದು ಅಂತ ತಾನೇ ಪತ್ರದಲ್ಲಿರೋದು? ಬೇರೆ ಎಲ್ಲಾದ್ರೂ ನೋಡ್ಕೋಮ್ಮ” ಎಂದ ಅಣ್ಣ. ಒಂದಿಷ್ಟಾದರೂ ಸಂಕೋಚ? ಊಹೂಂ. ಒಡಹುಟ್ಟಿದವನಂತೆ, ಥೂ! ಅವಳು ಕೋರ್ಟಿಗೆ ಹೋದಳು.

ಆಫೀಸಿನ ವಕೀಲ ಸಾಹೇಬರೇ ಅವಳ ಪರ ನಿಂತರು. ಮೆಟ್ಟಿಲ ಬಳಿ ಪಿಸುಗುಟ್ಟಿದರು: “ನಂಗೆ ಅಷ್ಟು ಇಂಗ್ಲಿಷ್ ತಿಳಿಯಲ್ಲ, ಅಣ್ಣ ಹೇಳಿದ್ದು ಟೈಪು ಹೊಡೆದೆ ಅನ್ನಮ್ಮ. ಕೋಣೆ ಉಳಿಯುತ್ತೆ.”

ಕಟಕಟೆ ಹತ್ತಿದಳು. ಎದುರಿನ ವಕೀಲ ಪತ್ರವನ್ನು ಮುಂದೆ ಹಿಡಿದ.

“ಈ ಎರಡು ಪದಗಳ ವ್ಯತ್ಯಾಸ ನಿಮಗೆ ಗೊತ್ತಿತ್ತೋ ಇಲ್ವೋ?”

ಇಲ್ಲ ಎಂದರೆ ತಲೆಯ ಮೇಲೆ ಸೂರು. ಆದರೆ ಇಷ್ಟು ವರ್ಷ ಅನ್ನ ಹಾಕಿದ ವಿದ್ಯೆಯನ್ನೇ ಬರುವುದಿಲ್ಲ ಅನ್ನಬೇಕು, ಅದೂ ಅಣ್ಣನ ಎದುರಿಗೆ. ಮೈ ಉರಿದುಹೋಯಿತು.

“ಗೊತ್ತಿತ್ತು ಸ್ವಾಮಿ. ಪದ ಚೆನ್ನಾಗೇ ಗೊತ್ತಿತ್ತು. ಅಣ್ಣ ಎಂಥೋನು ಅಂತ ಗೊತ್ತಿರಲಿಲ್ಲ.”

ನ್ಯಾಯಾಧೀಶರು ಮೊದಲನೆಯ ಮಾತನ್ನಷ್ಟೇ ಬರೆಸಿಕೊಂಡರು.