ಒಂಬತ್ತು ಗೆರೆಯ ಕಾಯಿ

ಲಕ್ಕಯ್ಯನ ಕಾಯಿಗೆ ಒಂದು ಗೆರೆಯೂ ಇರಲಿಲ್ಲ.

ತಿಪಟೂರಿನಿಂದ ತುರುವೇಕೆರೆಗೆ ಹೋಗುವ ರಸ್ತೆಯಲ್ಲಿ ಮರುಳಸಿದ್ದಯ್ಯನವರ ಕಾಯಿ ಷೆಡ್ಡಿತ್ತು. ಅಲ್ಲಿ ಮೇಸ್ತ್ರಿ ಶ್ರೀರಂಗಯ್ಯನೂ ಸೇರಿ ಆರು ಜನ ತೆಂಗಿನಕಾಯಿ ಸುಲಿಯುತ್ತಿದ್ದರು. ನೆಲಕ್ಕೆ ನೆಟ್ಟ ಕಬ್ಬಿಣದ ಗೂಟಕ್ಕೆ ಕಾಯಿಯನ್ನು ಚುಚ್ಚಿ, ತಿರುಚಿ, ಮಟ್ಟೆ ಬಿಡಿಸಿ ಹಿಂದಕ್ಕೆ ಎಸೆಯುವುದು ಕೆಲಸ. ಲಕ್ಕಯ್ಯ ದಿನಕ್ಕೆ ಸಾವಿರದ ಐನೂರು ಸುಲಿಯುತ್ತಿದ್ದ. ಉಳಿದವರು ಯಾರೂ ಸಾವಿರದ ಇನ್ನೂರು ದಾಟುತ್ತಿರಲಿಲ್ಲ. ಆದರೆ ಎಪ್ಪತ್ತೆಂಟನೇ ಇಸವಿಯ ಶ್ರಾವಣದಿಂದೀಚೆಗೆ ಯಾರು ಎಷ್ಟು ಸುಲಿದರು ಎಂಬ ಮಾತೇ ಷೆಡ್ಡಿನಲ್ಲಿ ಬರುತ್ತಿರಲಿಲ್ಲ. ಯಾರ ಕಾಯಿಗೆ ಎಷ್ಟು ಗೆರೆ ಎಂಬುದೇ ಮಾತು.

ಆಟ ಶುರುಮಾಡಿದವನು ಶ್ರೀರಂಗಯ್ಯ. ಮಿಲಿಟರಿಯಲ್ಲಿ ಅಡುಗೆ ಮಾಡಿಕೊಂಡಿದ್ದು ಬಂದವನು. ಮಧ್ಯಾಹ್ನ ಉಂಡ ಮೇಲೆ ಇಬ್ಬರು ತಮ್ಮ ತಮ್ಮ ಸುಲಿದ ಕಾಯಿ ಹಿಡಿದು ಎದುರುಬದುರು ಕೂರಬೇಕು. ಒಬ್ಬ ಎರಡು ಕೈಯಲ್ಲೂ ಕಾಯಿಯನ್ನು ಬಿಗಿಯಾಗಿ ಹಿಡಿದಿರಬೇಕು, ಇನ್ನೊಬ್ಬ ತನ್ನ ಕಾಯಿಯಿಂದ ಅದಕ್ಕೆ ಕುಟ್ಟಬೇಕು. ಆಮೇಲೆ ಹಿಡಿದವನು ಕುಟ್ಟುವ ಸರದಿ. ಒಡೆದದ್ದು ಸೋತಿತು, ಅದನ್ನು ಎಲ್ಲರೂ ಬೆಲ್ಲ ನಂಚಿಕೊಂಡು ತಿನ್ನುತ್ತಾರೆ. ಗೆದ್ದ ಕಾಯಿಯ ಮೇಲೆ ಶ್ರೀರಂಗಯ್ಯ ಕತ್ತಿಯ ಮೊನೆಯಿಂದ ಒಂದು ಗೆರೆ ಕೊರೆಯುತ್ತಾನೆ. ಒಂದು ಗೆರೆಗೆ ಸಿಪಾಯಿ, ಎರಡಕ್ಕೆ ನಾಯಕ್, ನಾಲ್ಕಕ್ಕೆ ಹವಾಲ್ದಾರ್, ಆರಕ್ಕೆ ಜಮಾದಾರ್, ಒಂಬತ್ತಕ್ಕೆ ಸುಬೇದಾರ್. ಕಾಯಿಗೆ ಬಂದ ಪದವಿ ಕಾಯಿಯ ಯಜಮಾನನಿಗೂ ಸಲ್ಲುತ್ತಿತ್ತು.

ಕಾರ್ತಿಕದ ಹೊತ್ತಿಗೆ ಸಣ್ಣತಿಮ್ಮಯ್ಯ ಸುಬೇದಾರನಾಗಿದ್ದ.

ಸಣ್ಣತಿಮ್ಮಯ್ಯ ಮತ್ತು ಲಕ್ಕಯ್ಯ ಅರಳಗುಪ್ಪೆ ಕಡೆಯ ಒಂದೇ ಊರಿನವರು. ಗೂಟಕ್ಕೆ ಕಾಯಿ ಹೇಗೆ ಚುಚ್ಚಬೇಕು, ಮಣಿಕಟ್ಟು ಎಷ್ಟು ತಿರುಗಿಸಬೇಕು ಎಂದು ಅವನಿಗೆ ಕಲಿಸಿದವನೇ ಲಕ್ಕಯ್ಯ. ಮೊದಲ ದಿನ ಅಂಗೈ ಹರಿದುಕೊಂಡಾಗ ಬಟ್ಟೆ ಸುಟ್ಟ ಬೂದಿ ಹಚ್ಚಿದವನೂ ಅವನೇ. ಈಗ ನೆರಳಿದ್ದ ಕಡೆಯ ಗೂಟ ಸಣ್ಣತಿಮ್ಮಯ್ಯನದು. ಟೀ ಬಂದರೆ ಮೊದಲ ಲೋಟ ಅವನಿಗೆ. ಅವನ ನಡಿಗೆಯೇ ಬೇರೆಯಾಗಿತ್ತು. ಕಾಯಿಯನ್ನು ಟವೆಲಿನಲ್ಲಿ ಸುತ್ತಿ ಪಕ್ಕದಲ್ಲಿಟ್ಟುಕೊಂಡು ಸುಲಿಯುತ್ತಿದ್ದ. ಸಾವಿರದ ನೂರು ಸುಲಿಯುತ್ತಿದ್ದವನು ಒಂಬೈನೂರಕ್ಕೆ ಇಳಿದಿದ್ದ. ಇದನ್ನು ಗಮನಿಸಿದವನು ಲಕ್ಕಯ್ಯ ಒಬ್ಬನೇ. ತನ್ನ ಕೆಲಸ ಮಾಡುತ್ತಲೇ ಸಣ್ಣತಿಮ್ಮಯ್ಯನ ಹಿಂದೆ ಬೀಳುವ ಕಾಯಿಗಳ ಸದ್ದನ್ನು ಎಣಿಸುತ್ತಿದ್ದ.

ಒಂದು ದಿನ ಲಕ್ಕಯ್ಯನ ಹೆಂಡತಿ ಭೈರಮ್ಮ ಬುತ್ತಿ ತಂದಳು. ಗಂಡನಿಗೆ ಮುದ್ದೆ ಇಟ್ಟು, ಇನ್ನೊಂದನ್ನು ಎಲೆಯ ಮೇಲೆ ಹಾಕಿಕೊಂಡು ಸಣ್ಣತಿಮ್ಮಯ್ಯನ ಕಡೆ ಹೋದಳು.

"ಸುಬೇದಾರಣ್ಣನಿಗೂ ಒಂದಿರಲಿ," ಎಂದಳು.

ಅವಳು ತಮಾಷೆಗೆ ಹೇಳಿದ್ದು. ಎಲ್ಲರೂ ನಕ್ಕರು. ಲಕ್ಕಯ್ಯ ಅವತ್ತು ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಗೂಟದ ಕಡೆ ಹೋದ. ಅವನ ನಾಲ್ಕು ಕಾಯಿಗಳು ಒಡೆದಿದ್ದವು. ಅದರಲ್ಲಿ ಒಂದನ್ನು ಒಡೆದದ್ದು ಇದೇ ಸುಬೇದಾರನ ಕಾಯಿ, ಅದಿನ್ನೂ ನಾಯಕ್ ಆಗಿದ್ದಾಗ.

ಗೆರೆ ಹೆಚ್ಚಾದರೆ ಕಾಯಿ ಬಲವಾಗುತ್ತದೆಯೇ ಎಂಬ ಜಗಳ ಷೆಡ್ಡಿನಲ್ಲಿ ವಾರಕ್ಕೆರಡು ಸಲವಾದರೂ ಆಗುತ್ತಿತ್ತು. ತೆಗೆಯುವವನು ಲಕ್ಕಯ್ಯ. ಕಾಯಿಗೆ ಬಿದ್ದ ಪ್ರತಿ ಏಟೂ ಚಿಪ್ಪಿನೊಳಗೆ ಕಣ್ಣಿಗೆ ಕಾಣದ ಬಿರುಕು ಬಿಡುತ್ತದೆ, ಹೆಚ್ಚು ಗೆರೆಯ ಕಾಯಿ ಎಂದರೆ ಹೆಚ್ಚು ಏಟು ತಿಂದ ಕಾಯಿ, ಆದ್ದರಿಂದ ಸುಬೇದಾರನ ಕಾಯಿಯೇ ಈ ಷೆಡ್ಡಿನಲ್ಲಿ ಎಲ್ಲಕ್ಕಿಂತ ಬಡಕಲು ಎಂಬುದು ಅವನ ವಾದ. ವಯಸ್ಸಾದ ಕೆಂಚಯ್ಯ ಒಪ್ಪುತ್ತಿರಲಿಲ್ಲ.

"ಏಟು ತಿಂದಂಗೆಲ್ಲ ಗಟ್ಟಿಯಾಯ್ತದೆ ಕಣ್ಲಾ. ನಿನ್ನ ಅಂಗೈನೇ ನೋಡ್ಕೊ."

"ಅಂಗೈಗೆ ಜೀವ ಐತೆ, ದಡ್ಡು ಕಟ್ಟುತ್ತೆ. ಕಾಯಿ ಮರದಿಂದ ಬಿದ್ದ ದಿನಾನೇ ಅದರ ಬೆಳೆಯೋದು ಮುಗೀತು. ಕತ್ತೀಲಿ ಗೆರೆ ಎಳೆದ್ರೆ ಚಿಪ್ಪು ದಪ್ಪ ಆಯ್ತದಾ?"

"ಆಗದೆ ಇದ್ರೆ ಒಂಬತ್ತು ಹೆಂಗೆ ಗೆಲ್ತು?"

ಈ ಪ್ರಶ್ನೆಗೆ ಉತ್ತರವಿತ್ತು. ಒಂಬತ್ತರಲ್ಲಿ ಕೊನೆಯ ಮೂರು ಗೆರೆ ಕುಟ್ಟದೇ ಬಂದವು. ಕಾಯಿ ಜಮಾದಾರ್ ಆದ ಮೇಲೆ ಹಾಲಸ್ವಾಮಿ ಎಂಬ ಸುಲಿಯುವವನು ಎದುರು ಕೂತು, ಗೆರೆಗಳನ್ನು ನೋಡಿ, ನನ್ನ ಕಾಯಿ ಒಡೆಸಿಕೊಳ್ಳುವ ಬದಲು ಈಗಲೇ ಸೋತೆ ಬುಡಪ್ಪ ಎಂದು ಕೈ ಮುಗಿದಿದ್ದ. ಸೋಲೊಪ್ಪಿದರೂ ಗೆರೆ ಗೆರೆಯೇ ಎಂದು ಶ್ರೀರಂಗಯ್ಯ ತೀರ್ಪು ಕೊಟ್ಟ. ಆಮೇಲೆ ಇನ್ನಿಬ್ಬರು ಹಾಗೇ ಮಾಡಿದರು. ಅವರಲ್ಲೊಬ್ಬ ಕೆಂಚಯ್ಯನೇ. ಲಕ್ಕಯ್ಯ ಇದನ್ನು ನೆನಪಿಸಿದರೆ ಎಲ್ಲರೂ ಹೇಳುತ್ತಿದ್ದದ್ದು ಒಂದೇ ಮಾತು: ಗೆರೆಯಿಲ್ಲದವನಿಗೆ ಹೊಟ್ಟೆಯುರಿ.

ಹೊಟ್ಟೆಯುರಿ ಇದ್ದದ್ದು ನಿಜ.

ಕಾರ್ತಿಕ ಮುಗಿಯುವ ಹೊತ್ತಿಗೆ ಶ್ರೀರಂಗಯ್ಯನಿಗೆ ಮಂಡಿ ನೋವು ಹೆಚ್ಚಾಗಿ, ಕೆಲಸ ಬಿಟ್ಟು ಊರಿಗೆ ಹೋಗುವುದೆಂದು ತೀರ್ಮಾನವಾಯಿತು. ಆ ವರ್ಷ ಮರುಳಸಿದ್ದಯ್ಯನವರು ಬೋರನಕಣಿವೆ ಕೆಳಗಿನ ತೋಟಗಳ ಕಾಯಿಯನ್ನು ಗುತ್ತಿಗೆ ಹಿಡಿದಿದ್ದರು. ನಾಲ್ಕು ತಿಂಗಳು ಅಲ್ಲೇ ಇದ್ದು ಸುಲಿಸಬೇಕು. ಒಬ್ಬ ಮೇಸ್ತ್ರಿ, ಅವನ ಕೈಕೆಳಗೆ ನಾಲ್ಕು ಜನ. ಇಲ್ಲಿಯ ಹಾಗಲ್ಲ, ಅಲ್ಲಿ ಮೇಸ್ತ್ರಿ ಗೂಟದ ಮುಂದೆ ನಿಲ್ಲಬೇಕಾಗಿಲ್ಲ. ರಾಶಿ ಹಂಚುವುದು, ಲಾರಿ ತುಂಬಿಸುವುದು, ಯಜಮಾನರ ಜೊತೆ ನಿಂತು ಮಾತಾಡುವುದು ಅವನ ಕೆಲಸ. ಲಕ್ಕಯ್ಯನಿಗೆ ಇಪ್ಪತ್ತೆಂಟು ವರ್ಷ, ಎಡ ಮಣಿಕಟ್ಟು ಆಗಲೇ ರಾತ್ರಿ ಸೆಳೆಯುತ್ತಿತ್ತು. ಇನ್ನೈದು ವರ್ಷ ಹೀಗೇ ತಿರುಚಿದರೆ ಆ ಕೈಯಲ್ಲಿ ಲೋಟ ಎತ್ತಲೂ ಆಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಅವನಪ್ಪನ ಕೈ ಹಾಗೇ ಆಗಿತ್ತು. ಮೇಸ್ತ್ರಿಯಾಗುವುದು ಅವನಿಗೆ ಬೇಕೇ ಬೇಕಿತ್ತು.

ಮರುಳಸಿದ್ದಯ್ಯನವರು ಷೆಡ್ಡಿಗೆ ಬಂದು, ಉಳಿದ ನಾಲ್ವರು ಯಾರ ಹಿಂದೆ ಹೋಗಲು ಒಪ್ಪುತ್ತಾರೋ ಅವನೇ ಮೇಸ್ತ್ರಿ, ಮಂಗಳವಾರ ಲಾರಿ ಬರುತ್ತದೆ, ಅಷ್ಟರೊಳಗೆ ನೀವೇ ಮಾತಾಡಿಕೊಳ್ಳಿ ಎಂದು ಹೇಳಿ ಹೋದರು. ಅವರು ರಸ್ತೆ ದಾಟುವ ಮುಂಚೆಯೇ ಕೆಂಚಯ್ಯ, ಸುಬೇದಾರ ಇರುವಾಗ ಮಾತಾಡುವುದೇನಿದೆ ಎಂದ. ಹಾಲಸ್ವಾಮಿ ತಲೆಯಾಡಿಸಿದ.

ಲಕ್ಕಯ್ಯ ಎದ್ದು ನಿಂತ.

"ಹಂಗಾದ್ರೆ ಕಾಯೀಲೇ ತೀರ್ಮಾನ ಆಗ್ಲಿ. ಸೋಮವಾರ ಕುಟ್ಟೋಣ. ಗೆದ್ದೋನು ಮೇಸ್ತ್ರಿ."

ಸಣ್ಣತಿಮ್ಮಯ್ಯ ಟವೆಲಿನ ಗಂಟನ್ನು ನೋಡಿದ. ಎಲ್ಲರೂ ತನ್ನನ್ನೇ ನೋಡುತ್ತಿದ್ದುದರಿಂದ ಆಗಲಿ ಎಂದ.

ಮೂರು ದಿನ ಲಕ್ಕಯ್ಯ ಕೆಲಸದ ನಡುವೆ ಕಾಯಿ ಹುಡುಕಿದ. ಸುಲಿದ ಪ್ರತಿಯೊಂದನ್ನೂ ಕಿವಿಯ ಬಳಿ ಉಗುರಿನಿಂದ ತಟ್ಟಿದ. ಕೊನೆಗೆ ಸಿಕ್ಕಿತು: ಚಿಕ್ಕದು, ದುಂಡನೆಯದು, ಚಿಪ್ಪಿನ ಮೂರು ಏಣೂ ಎದ್ದು ಕಾಣುವಂಥದ್ದು. ತಟ್ಟಿದರೆ ಕಲ್ಲು ತಟ್ಟಿದ ಸದ್ದು. ಅಂಥ ಕಾಯಿ ಅವನ ಕೈಗೆ ವರ್ಷಕ್ಕೊಂದು ಬಂದರೆ ಹೆಚ್ಚು.

ಭಾನುವಾರ ಮಧ್ಯಾಹ್ನ ಸಣ್ಣತಿಮ್ಮಯ್ಯ ಕೈಕಾಲು ತೊಳೆಯಲು ಬಾವಿಯ ಕಡೆ ಹೋದ. ಟವೆಲಿನ ಗಂಟು ಮಟ್ಟೆಯ ರಾಶಿಯ ಮೇಲಿತ್ತು. ಉಳಿದವರು ಮಲಗಿದ್ದರು. ಲಕ್ಕಯ್ಯ ಗಂಟು ಬಿಚ್ಚಿ, ಕಾಯಿಯನ್ನು ಕಿವಿಗೆ ಹಿಡಿದು ಮೂರು ಸಲ ಅಲುಗಿಸಿದ.

ಸದ್ದಿಲ್ಲ.

ಕಾಯಿಯ ಕೆಲಸ ಮಾಡುವ ಯಾರಿಗಾದರೂ ಇದು ಗೊತ್ತು. ಹೊಸದಾಗಿ ಇಳಿಸಿದ ಕಾಯಿಯಲ್ಲಿ ನೀರು ಕಂಠಪೂರ್ತಿ ಇರುತ್ತದೆ, ಅಲುಗಿಸಿದರೆ ಸದ್ದು ಬಾರದು. ಮೂರು ತಿಂಗಳಾದರೆ ನೀರು ಇಂಗಿ, ಉಳಿದದ್ದು ಗುಳುಗುಳು ಎನ್ನುತ್ತದೆ. ವರ್ಷ ಕಳೆದರೆ ನೀರೆಲ್ಲ ಹೋಗಿ ಒಳಗೆ ಕೊಬ್ಬರಿ ಉಂಡೆ ಗಡಗಡ ಎನ್ನುತ್ತದೆ. ಶ್ರಾವಣದಲ್ಲಿ ಸುಲಿದ ಕಾಯಿ ಈಗ ಗುಳುಗುಳು ಎನ್ನಲೇಬೇಕು. ಎನ್ನುತ್ತಿಲ್ಲ. ಅಂದರೆ ಇದು ಹೊಸ ಕಾಯಿ. ಸಣ್ಣತಿಮ್ಮಯ್ಯ ಹಳೆಯದನ್ನು ಎಸೆದು, ಬೇರೆ ಗಟ್ಟಿ ಕಾಯಿಯ ಮೇಲೆ ತಾನೇ ಒಂಬತ್ತು ಗೆರೆ ಕೊರೆದಿದ್ದಾನೆ.

ಲಕ್ಕಯ್ಯನಿಗೆ ಸಂತೋಷವಾಯಿತು. ಗೆಳೆಯ ಕಳ್ಳನೆಂದು ತಿಳಿದಾಗ ಯಾರಿಗೂ ಆಗಬಾರದಷ್ಟು ಸಂತೋಷ. ಕಾಯಿಯನ್ನು ಮೊದಲಿದ್ದಂತೆ ಸುತ್ತಿಟ್ಟ. ದಿನಕ್ಕೆ ಸಾವಿರದ ಐನೂರು ಕಾಯಿ ಹಿಡಿಯುವ ಕೈ ಅದು. ಆ ಕೈ ತೂಕ ನೋಡಲಿಲ್ಲ.

ಸುಮ್ಮನೆ ಕುಟ್ಟಬಹುದಿತ್ತು. ಆದರೆ ಎದುರಿನದು ಹೊಸ ಕಾಯಿಯಾದರೆ ತನ್ನದು ಗೆದ್ದೇ ಗೆಲ್ಲುತ್ತದೆಂಬ ಖಾತ್ರಿ ಇರಲಿಲ್ಲ. ಅದಕ್ಕಿಂತ ಮುಖ್ಯ ಇನ್ನೊಂದಿತ್ತು. ಕುಟ್ಟಿ ಗೆದ್ದರೆ ಮೇಸ್ತ್ರಿಕೆ ಮಾತ್ರ ಸಿಗುತ್ತದೆ. ಮೋಸವನ್ನು ಬಯಲು ಮಾಡಿದರೆ ಒಂಬತ್ತು ಗೆರೆಯೂ ಅಳಿಸಿಹೋಗುತ್ತವೆ, ಟೀ ಲೋಟ, ನೆರಳು, ಭೈರಮ್ಮನ ಮುದ್ದೆ ಎಲ್ಲವೂ ಮೊದಲಿನಿಂದಲೇ ಸುಳ್ಳಾಗುತ್ತವೆ. ಅವನಿಗೆ ಅದು ಬೇಕಿತ್ತು.

ಸೋಮವಾರ ಊಟದ ಮೇಲೆ ಇಬ್ಬರೂ ಎದುರುಬದುರು ಕೂತರು. ಶ್ರೀರಂಗಯ್ಯ ಮೂಟೆಯ ಮೇಲೆ ಕೂತು ಮೊದಲ ಏಟು ಲಕ್ಕಯ್ಯನದು ಎಂದ. ಸಣ್ಣತಿಮ್ಮಯ್ಯ ತನ್ನ ಕಾಯಿಯನ್ನು ಎರಡು ಕೈಯಲ್ಲಿ ಹಿಡಿದ. ಹಣೆ ಬೆವೆತಿತ್ತು.

ಲಕ್ಕಯ್ಯ ತನ್ನ ಕಾಯಿಯನ್ನು ನೆಲದ ಮೇಲಿಟ್ಟ.

"ನಾನು ಕುಟ್ಟಾಕಿಲ್ಲ. ಇದು ಆ ಕಾಯಿ ಅಲ್ಲ. ಬದಲಾಯ್ಸಿದಾನೆ."

ಲಕ್ಕಯ್ಯ ಸದ್ದಿನ ಲೆಕ್ಕವನ್ನು ವಿವರಿಸಿದ. ಕೆಂಚಯ್ಯ ಕಾಯಿಯನ್ನು ಕೇಳಿದ. ಸಣ್ಣತಿಮ್ಮಯ್ಯ ಕೊಡಲಿಲ್ಲ, ಎದೆಗೆ ಒತ್ತಿ ಹಿಡಿದುಕೊಂಡ. ಅವನ ಮುಖ ಬಿಳಿಚಿದ್ದನ್ನು ನೋಡಿ ಲಕ್ಕಯ್ಯನ ಧೈರ್ಯ ಇಮ್ಮಡಿಯಾಯಿತು.

"ಒಡೆದು ನೋಡೋಣ," ಎಂದ. "ಕಂಠಪೂರ್ತಿ ನೀರು ಬರ್ತದೆ."

"ಬರದಿದ್ರೆ?" ಎಂದ ಶ್ರೀರಂಗಯ್ಯ.

"ಬರದಿದ್ರೆ ಈ ಗುಂಪಲ್ಲೇ ನಾನಿರಾಕಿಲ್ಲ."

"ಯೋಚ್ನೆ ಮಾಡು ಲಕ್ಕ. ಒಬ್ಬನ ಕಾಯಿನ ಕಲ್ಲಿಗೆ ಹಾಕಿದ್ಮೇಲೆ ಆಟ ಇಲ್ಲ."

ಯೋಚನೆ ಮುಗಿದಿದೆ ಎಂದು ಲಕ್ಕಯ್ಯ ಕೈ ಚಾಚಿದ. ಸಣ್ಣತಿಮ್ಮಯ್ಯ ಸುತ್ತಲೂ ನೋಡಿದ. ಕಾಯಿ ಕೊಟ್ಟ.

ಲಕ್ಕಯ್ಯ ಅದನ್ನು ಗೂಟದ ಬುಡದ ಕಲ್ಲಿಗೆ ಹೊಡೆದ. ಜೋರಾಗಿ ಹೊಡೆಯಬೇಕಾಗಲಿಲ್ಲ. ಮೊಟ್ಟೆಯಂತೆ ಮೂರು ಹೋಳಾಯಿತು. ಕಲ್ಲು ಒಣಗಿಯೇ ಇತ್ತು. ಒಂದು ಹನಿ ನೀರಿಲ್ಲ. ಚಿಪ್ಪಿಗೆ ಅಂಟಿಕೊಂಡಿದ್ದ ತಿರುಳು ಹಳದಿಗೆ ತಿರುಗಿ ಮುಗ್ಗಲು ವಾಸನೆ ಬರುತ್ತಿತ್ತು. ಶ್ರೀರಂಗಯ್ಯ ಒಂದು ಹೋಳನ್ನು ಎತ್ತಿ ಬೆಳಕಿಗೆ ಹಿಡಿದ. ಚಿಪ್ಪಿನ ತುಂಬ ಕೂದಲೆಳೆಯಂಥ ಹಳೆಯ ಬಿರುಕುಗಳಿದ್ದವು. ಹೊರಗಿನ ಒಂಬತ್ತು ಗೆರೆಗಳನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದ. ಶ್ರೀರಂಗಯ್ಯನೇ ಕೊರೆದ ಗೆರೆಗಳು. ಐದನೆಯದು ಕತ್ತಿ ಜಾರಿ ಸೊಟ್ಟಗಾಗಿತ್ತು.

ಬಿರುಕಿನಲ್ಲಿ ನೀರು ಸೋರಿಹೋದ ಕಾಯಿಯೂ ಸದ್ದು ಮಾಡುವುದಿಲ್ಲ. ನೀರಿಲ್ಲ, ತಿರುಳಿನ್ನೂ ಚಿಪ್ಪು ಬಿಟ್ಟಿಲ್ಲ. ಮಟ್ಟೆಯೊಳಗಿನ ಕಾಯಿಗೆ ಹಾಗಾಗುವುದು ಅಪರೂಪ, ಸುಲಿಯುವವರು ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಲಕ್ಕಯ್ಯ ಇಟ್ಟುಕೊಳ್ಳಬೇಕಿತ್ತು. ಬಿರುಕಿದೆ ಎಂದು ಮೂರು ತಿಂಗಳು ವಾದಿಸಿದವನು ಅವನೇ.

ಸಣ್ಣತಿಮ್ಮಯ್ಯ ಹೋಳುಗಳನ್ನು ಆರಿಸಿ ಟವೆಲಿಗೆ ಹಾಕಿಕೊಂಡ. ಸಿಟ್ಟು ಮಾಡಿಕೊಂಡವನಂತೆ ಕಾಣಲಿಲ್ಲ.

"ನೀರು ಸೋರಿ ಒಂದು ತಿಂಗ್ಳಾಯ್ತು ಕಣ್ಲಾ," ಎಂದ. "ಟವೆಲ್ಲೆಲ್ಲ ನೆಂದಿತ್ತು. ನೀನು ಸುಮ್ಕೆ ಒಂದೇಟು ಹಾಕಿದ್ರೆ ಒಡೀತಿತ್ತು. ನೀನು ಹೇಳ್ತಿದ್ದದ್ದು ಸರಿ ಅಂತ ನಂಗೆ ಗೊತ್ತಿತ್ತು. ಕಳ್ಳ ಅಂದ್ಯಲ್ಲ, ಅದೊಂದು ಸರಿಯಾಗ್ಲಿಲ್ಲ."

ಲಕ್ಕಯ್ಯ, ಹಾಗಾದರೆ ನಾನು ಹೇಳಿದ್ದು ನಿಜವಾಯಿತಲ್ಲ, ಗೆರೆಯಿಂದ ಬಲ ಬರುವುದಿಲ್ಲ ಎಂದು ಗೊತ್ತಾಯಿತಲ್ಲ ಎಂದು ಎಲ್ಲರ ಮುಖ ನೋಡಿದ. ಬಿರುಕುಗಳನ್ನು ಬೆರಳಿಟ್ಟು ತೋರಿಸಿದ. ಅದು ಯಾರಿಗೂ ಬೇಕಿರಲಿಲ್ಲ. ಹಾಲಸ್ವಾಮಿ ತನ್ನ ಗೂಟಕ್ಕೆ ಹಿಂತಿರುಗಿ ಸುಲಿಯತೊಡಗಿದ. ಕೆಂಚಯ್ಯ ಎದ್ದು ಹೋಗುತ್ತಾ, ಕಾಯಿ ಒಡೆದರೇನಂತೆ, ಸುಬೇದಾರ ಸುಬೇದಾರನೇ, ನಾವು ಅವನ ಹಿಂದೆ ಹೋಗುತ್ತೇವೆ ಎಂದ.

ಮಂಗಳವಾರ ಬೆಳಿಗ್ಗೆ ಲಾರಿ ಬಂತು. ಸಣ್ಣತಿಮ್ಮಯ್ಯ ಮುಂದೆ ಡ್ರೈವರ್ ಪಕ್ಕ ಕೂತ. ಲಕ್ಕಯ್ಯನ ಜಾಗಕ್ಕೆ ಮಾಯಸಂದ್ರದಿಂದ ಒಬ್ಬನನ್ನು ಕರೆಸಿದ್ದರು. ಹೊರಡುವ ಮುಂಚೆ ಸಣ್ಣತಿಮ್ಮಯ್ಯ ಕೆಳಗಿಳಿದು ಬಂದು, ಆಡಿದ ಮಾತನ್ನು ನಾನು ಮರೆಯುತ್ತೇನೆ, ಬರುವುದಾದರೆ ಬಾ, ನಿನ್ನಷ್ಟು ಸುಲಿಯುವವನು ಇಲ್ಲ ಎಂದು ಕರೆದ. ಅವನ ಕೈಕೆಳಗೆ ಗೂಟದ ಮುಂದೆ ನಿಲ್ಲುವುದನ್ನು ಲಕ್ಕಯ್ಯ ಕಣ್ಣಿಗೆ ತಂದುಕೊಂಡ. ಬರುವುದಿಲ್ಲ ಎಂದ.

ಬೋರನಕಣಿವೆಗೆ ಹೋದವರು ಫಾಲ್ಗುಣದವರೆಗೆ ಬರಲಿಲ್ಲ. ಅಷ್ಟು ದಿನ ಮರುಳಸಿದ್ದಯ್ಯನವರ ಷೆಡ್ಡು ಬಾಗಿಲು ಹಾಕಿತ್ತು. ಲಕ್ಕಯ್ಯ ತೋಟಗಳಲ್ಲಿ ಒಬ್ಬನೇ, ಕರೆದ ಕಡೆ ಹೋಗಿ, ಎರಡು ದಿನ ಇಲ್ಲಿ ಮೂರು ದಿನ ಅಲ್ಲಿ ಸುಲಿದ. ಎಡಗೈಯ ಎರಡು ಬೆರಳು ಮಡಿಸಲು ಬರದಂತಾದವು.

ಅವನ ಕೈಬಿಟ್ಟು ಹೋದದ್ದು ಇಷ್ಟು: ಒಂದು ಮೇಸ್ತ್ರಿಕೆ, ನಾಲ್ಕು ತಿಂಗಳ ಕೆಲಸ, ಎರಡು ಬೆರಳು, ಷೆಡ್ಡಿನ ಐದು ಜನ.