ಫ್ರಿಜ್ಜಿನ ಸಣ್ಣ ನಡುಕ

ಅಂಗಾಲಿಗೆ ಏನೋ ಕಡಿಮೆ, ಚಹಾದ ಲೋಟ ಹಿಡಿದು ಅಡುಗೆಮನೆಯ ನೆಲಕ್ಕೆ ಬರಿಗಾಲು ಊರಿದ ಕೂಡಲೇ ಅನ್ನಿಸಿತು, ಏನೋ ಇಲ್ಲ, ಸಾರಿನಲ್ಲಿ ಉಪ್ಪಿಲ್ಲದ ಹಾಗೆ, ಏನದು — ಫ್ರಿಜ್ಜಿನ ದಪ್ಪ ನಡುಕ ಇದೆ, ಗುರ್ರೆಂದು ಹಿಮ್ಮಡಿಗೆ ಹತ್ತುತ್ತಿದೆ, ಅದರ ಮೇಲೊಂದು ಸಣ್ಣ ನಡುಕ ಇರುತ್ತಿತ್ತಲ್ಲ, ಕಾಲ್ಬೆರಳ ತುದಿಗಷ್ಟೇ ತಾಗುವಂಥದ್ದು, ಬಿಗಿದ ದಾರ ಮೀಟಿದ ಹಾಗೆ, ಅದಿಲ್ಲ. ಕಿವಿ ಇದ್ದವರಿಗೆ ಇದೆಲ್ಲ ತಿಳಿಯುವುದಿಲ್ಲ, ಪಾಪ. ಮೂವತ್ತೊಂದು ವರ್ಷ ಮಗ್ಗದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು ನಾನು, ಒಂದೇ ಸೂರಿನಡಿ ಇನ್ನೂರು ಮಗ್ಗ, ಕಿವಿ ಕೊಟ್ಟು ಸಂಬಳ ತಂದೆ, ಸಂಬಳ ಖರ್ಚಾಯಿತು, ಕಿವಿ ಹಿಂದಕ್ಕೆ ಬರಲಿಲ್ಲ, ಆದರೆ ಅಂಗೈ ಅಂಗಾಲು ಚೆನ್ನಾಗಿ ಪಳಗಿದವು, ಮಗ್ಗದ ಚೌಕಟ್ಟಿಗೆ ಅಂಗೈ ಇಟ್ಟರೆ ಯಾವ ಬೋಲ್ಟು ಸಡಿಲವಾಗಿದೆ ಎಂದು ಹೇಳುತ್ತಿದ್ದೆ. ಆ ಗದ್ದಲದಲ್ಲಿ ಮಾತು ಯಾರಿಗೂ ಕೇಳದು, ತುಟಿ ನೋಡಿಯೇ ಹರಟೆ, ತುಟಿ ನೋಡಿಯೇ ಜಗಳ, ಆ ವಿದ್ಯೆ ಈಗ ಮನೆಯಲ್ಲಿ ಉಪಯೋಗಕ್ಕೆ ಬರುತ್ತಿದೆ, ಒಂದೇ ತೊಂದರೆಯೆಂದರೆ ಮ ಬ ಪ ಮೂರೂ ತುಟಿಗೆ ಒಂದೇ, ಸೊಸೆ ಮಾವಾ ಎಂದರೆ ಕಣ್ಣಿಗೆ ಭಾವಾ ಎಂದೂ ಕಾಣುತ್ತದೆ, ಹೊಸದರಲ್ಲಿ ತಿರುಗಿ ನೋಡುತ್ತಿದ್ದೆ, ಯಾರ ಭಾವ ಬಂದನಪ್ಪಾ ಎಂದು. ಕಿವಿಗೆ ಹಾಕುವ ಯಂತ್ರವೂ ಇದೆ, ಮಗ ತಂದದ್ದು, ಡ್ರಾಯರಿನಲ್ಲಿ ಸುಖವಾಗಿ ಮಲಗಿದೆ, ಹಾಕಿಕೊಂಡರೆ ಚಮಚ ಬಿದ್ದದ್ದೂ ಕಪಾಟು ಬಿದ್ದದ್ದೂ ಒಂದೇ ಸದ್ದು. ಸೊಸೆ ಬಂದಳು, ಫ್ರಿಜ್ಜಿನ ಬಾಗಿಲು ತೆಗೆದಳು, ಅವಳ ಬೆನ್ನು ಹಾಗೇ ನಿಂತುಬಿಟ್ಟಿತು. ಬೆನ್ನನ್ನೂ ಓದಬಲ್ಲೆ ನಾನು. ತಿರುಗಿದಳು, ತುಟಿ ಸಣ್ಣಗೆ ಅಲ್ಲಾಡಿತು, ಮಾವಾ, ಒಳಗೆ ತಂಪೇ ಇಲ್ಲ, ಹಲ್ಲು ಬೆವರ್ತಿದೆ.

ಹಲ್ಲೆಂದರೆ ಕೇಕು. ಎರಡು ಬೀದಿ ಆಚೆಯ ಹಲ್ಲಿನ ಡಾಕ್ಟರು ಕ್ಲಿನಿಕ್ಕು ಶುರುಮಾಡಿ ಇವತ್ತಿಗೆ ಹತ್ತು ವರ್ಷ, ಸಂಜೆ ಐದಕ್ಕೆ ನಲವತ್ತು ಜನ ಸೇರುತ್ತಾರೆ, ಅವರಿಗೆ ದವಡೆಹಲ್ಲಿನ ಆಕಾರದ್ದೇ ಕೇಕು ಬೇಕಂತೆ, ಹಲ್ಲಿನ ಡಾಕ್ಟರೇ ಕೇಕು ಹಂಚುವುದೆಂದರೆ ಬೆಂಕಿ ಆರಿಸುವವರು ಬೆಂಕಿಪೊಟ್ಟಣ ಹಂಚಿದ ಹಾಗೆ, ನಗು ಬಂತು, ನುಂಗಿಕೊಂಡೆ. ಸೊಸೆ ಮನೆಯಲ್ಲೇ ಕೇಕು ಮಾಡಲು ಹೊರಟು ಎರಡು ತಿಂಗಳಾಯಿತು, ಇದುವರೆಗೆ ಬಂದದ್ದು ಅಕ್ಕಪಕ್ಕದ ಹುಟ್ಟುಹಬ್ಬಗಳು, ಇದು ಮೊದಲ ದೊಡ್ಡ ಆರ್ಡರು, ನಿನ್ನೆ ಇಡೀ ದಿನ ಬಗ್ಗಿ ನಿಂತು ಮಾಡಿದ್ದಾಳೆ, ಬೆಳ್ಳಗೆ, ಮಗುವಿನಷ್ಟು ದಪ್ಪ, ನಾಲ್ಕು ಬೇರು, ಈಗ ಒಂದು ಬೇರಿನ ಕೆನೆ ಜಾರಿ ಹಲ್ಲು ಕುಂಟುಗಾಲಿನಲ್ಲಿ ನಿಂತಂತೆ ಕಾಣುತ್ತಿದೆ. ಫೋನು ಎತ್ತಿದಳು, ಮೊದಲು ಮೆಕ್ಯಾನಿಕ್ಕಿಗೆ, ಅವನಿಗೆ ನಾವಿಟ್ಟ ಹೆಸರು ನಾಳೆಯಪ್ಪ, ಯಾವತ್ತು ಕರೆದರೂ ನಾಳೆ ಬರುವವನು, ಸೊಸೆಯ ಮುಖ ನೋಡಿದರೆ ಇವತ್ತೂ ಹೆಸರು ಉಳಿಸಿಕೊಂಡ ಹಾಗಿದೆ. ಆಮೇಲೆ ನನ್ನ ಮಗನಿಗೆ, ಆಫೀಸಿನಿಂದ ಅವನು ಏನು ಹೇಳಿದನೋ ನನಗೆ ಕಾಣದು, ಇವಳದು ಮಾತ್ರ ಕಂಡಿತು, ಇಲ್ಲ ಕಣ್ರೀ, ಇಲ್ಲ, ಕೊಡಲ್ಲ, ಸ್ಕ್ರೂಡ್ರೈವರು ಮೇಲ್ಗಡೆನೇ ಇದೆ — ಎನ್ನುತ್ತ ಕಣ್ಣು ನನ್ನ ಕಡೆ. ಓಹೋ. ಇಸ್ತ್ರಿ ಪೆಟ್ಟಿಗೆಯ ಕೇಸು ಇನ್ನೂ ಮುಗಿದಿಲ್ಲ. ಹೋದ ವರ್ಷ ಅದನ್ನು ಬಿಚ್ಚಿ ಜೋಡಿಸಿದೆ, ಎರಡು ಸ್ಕ್ರೂ ಒಂದು ಸ್ಪ್ರಿಂಗು ಮಿಕ್ಕವು, ಪ್ಲಗ್ಗು ಚುಚ್ಚಿದೆ, ಇಡೀ ಮನೆ ಕತ್ತಲು, ಅಂದಿನಿಂದ ನನ್ನ ಕೈಗೆ ಸಿಗುವುದು ಪೇಪರು ಮತ್ತು ಟಿವಿ ರಿಮೋಟು, ಅದರಲ್ಲೂ ಸದ್ದಿನ ಗುಂಡಿ ಮುಟ್ಟಬಾರದು. ಸುಮ್ಮನಿರೋಣ ಅಂದುಕೊಂಡೆ. ಅವಳು ಕುರ್ಚಿಯ ಮೇಲೆ ಕೂತು ಎರಡೂ ಅಂಗೈಯಲ್ಲಿ ಕಣ್ಣು ಒತ್ತಿಕೊಂಡಳು, ಬೆರಳಿನ ಸಂದಿಯಲ್ಲಿ ಒಣಗಿದ ಸಕ್ಕರೆ, ಹೇಗೆ ಸುಮ್ಮನಿರಲಿ. ಎದ್ದು ಹೋಗಿ ಫ್ರಿಜ್ಜಿನ ಪಕ್ಕೆಗೆ ಅಂಗೈ ಇಟ್ಟೆ, ಬೆಚ್ಚಗಿದೆ, ಕೆಳಗಿನ ಮೋಟರು ದುಡಿಯುತ್ತಿದೆ, ಮೇಲಿನ ಸಣ್ಣ ಬಾಗಿಲು ತೆಗೆದು ಐಸಿನ ಖಾನೆಯ ಹಿಂಗೋಡೆ ಮುಟ್ಟಿದೆ, ಕೊರೆಯುತ್ತಿದೆ, ಆದರೆ ಜೀವವಿಲ್ಲ, ಉಸಿರಿಲ್ಲ. ಹೇಳಿದೆ, ಅಮ್ಮಾ, ತಂಪು ಹುಟ್ತಾ ಇದೆ, ಕೆಳಗಡೆ ಇಳೀತಾ ಇಲ್ಲ, ತಂಪನ್ನ ತಳ್ಳೋ ಫ್ಯಾನು ಈ ಗೋಡೆ ಹಿಂದೆ ಇದೆ, ಅದು ನಿಂತಿದೆ. ಅವಳು ತಲೆ ಎತ್ತಿದಳು, ನಿಮಗೆ ಹೇಗೆ ಗೊತ್ತು ಮಾವ? ನಾನು ಕಾಲು ತೋರಿಸಿದೆ. ಅವಳು ನನ್ನ ಕಾಲು ನೋಡಿದಳು, ಗಡಿಯಾರ ನೋಡಿದಳು, ಹತ್ತೂಕಾಲು, ನಾಳೆಯಪ್ಪನ ನಂಬರು ಇನ್ನೂ ಬೆಳಗುತ್ತಿದ್ದ ಫೋನು ನೋಡಿದಳು, ಸ್ಟೂಲು ಎಳೆದುಕೊಂಡು ಹತ್ತಿ ಸ್ಕ್ರೂಡ್ರೈವರು ತೆಗೆದು ನನ್ನ ಅಂಗೈ ಮೇಲಿಟ್ಟಳು, ಒಂದೇ ಒಂದು ಸ್ಕ್ರೂ ಮಿಕ್ಕಿದ್ರೂ ನಿಮ್ಮ ಮಗನಿಗೆ ಹೇಳ್ತೀನಿ. ಹೇಳು ತಾಯಿ ಹೇಳು.

ಮೊದಲು ಹಲ್ಲಿನ ವ್ಯವಸ್ಥೆ ಆಗಬೇಕು. ಬಟ್ಟೆ ಒಗೆಯುವ ದೊಡ್ಡ ಟಬ್ಬು ತೊಳೆದು ಒರೆಸಿ, ಐಸಿನ ಖಾನೆಯಲ್ಲಿದ್ದ ಬಟಾಣಿ ಪೊಟ್ಟಣ, ಐಸಿನ ತುಂಡು, ಕಲ್ಲಾಗಿದ್ದ ಬೆಣ್ಣೆ ಎಲ್ಲ ಸುತ್ತ ಜೋಡಿಸಿ, ನಡುವೆ ಕೇಕಿನ ಡಬ್ಬಿ, ಮೇಲೆ ನನ್ನ ಕಂಬಳಿ ಹೊದಿಸು ಎಂದೆ. ಕಂಬಳಿನಾ? ಬಿಸಿ ಆಗಲ್ವಾ ಮಾವ? ಕಂಬಳಿಗೆ ಬಿಸಿ ಮಾಡೋದು ಗೊತ್ತಿಲ್ಲ ಕಣಮ್ಮಾ, ಒಳಗಿರೋದನ್ನ ಒಳಗೇ ಇಡೋದು ಅಷ್ಟೇ ಗೊತ್ತು. ಪ್ಲಗ್ಗು ಕಿತ್ತೆ, ಹಿಮ್ಮಡಿಯ ನಡುಕ ನಿಂತಿತು, ಮನೆ ಒಮ್ಮೆಲೇ ಖಾಲಿ, ಕಾರ್ಖಾನೆ ಮುಚ್ಚಿದ ದಿನವೂ ಹೀಗೇ ಆಗಿತ್ತು, ಮುನ್ನೂರು ಜನ ಮಗ್ಗಗಳ ನಡುವೆ ನಿಂತು ಕಾಲ ಕೆಳಗಿನ ಸತ್ತ ನೆಲ ನೋಡುತ್ತಿದ್ದೆವು — ಬೇಡ, ಅದು ಈಗ ಬೇಡ, ಈಗ ಸ್ಕ್ರೂ. ಎರಡೇ ಸ್ಕ್ರೂ, ಬಟ್ಟಲಲ್ಲಿ ಹಾಕಿ ಬಟ್ಟಲು ಅವಳ ಕೈಗೆ ಕೊಟ್ಟೆ, ಸಾಕ್ಷಿಗೆ. ಪ್ಲಾಸ್ಟಿಕ್ಕಿನ ಗೋಡೆ ಹೊರಬಂತು, ಹಿಂದೆ ನೋಡಿದರೆ ಹಿಮದ ಗುಡ್ಡ, ಬೆಳ್ಳಗೆ ಬುರುಬುರು, ಅದರೊಳಗೆ ಫ್ಯಾನಿನ ಮೂರು ರೆಕ್ಕೆ ಸಿಕ್ಕಿಕೊಂಡು, ದಪ್ಪ ರಜಾಯಿಯೊಳಗೆ ಸಿಕ್ಕಿದ ಕೋಳಿಯ ಹಾಗೆ. ಸೊಸೆ ಚಾಕು ತಂದಳು, ಕೆತ್ತಲಾ? ಅಯ್ಯಯ್ಯೋ ಬೇಡ, ಹಿಂದೆ ತೆಳು ಕೊಳವೆ ಇದೆ, ಒಂದು ತೂತು ಬಿದ್ರೆ ಗ್ಯಾಸೆಲ್ಲ ಹೋಗಿ ಫ್ರಿಜ್ಜು ಬರೀ ಕಪಾಟು ಆಗುತ್ತೆ, ನಿನ್ನ ಕೂದಲು ಒಣಗಿಸೋ ಯಂತ್ರ ತಾ. ತಂದಳು, ಒಂದು ಮೊಳ ದೂರ ಹಿಡಿದು ನಿಂತಳು, ಕೈ ಸೋತಾಗ ನಾನು, ನನ್ನ ಕೈ ಸೋತಾಗ ಅವಳು, ಹಳೆಯ ಟವೆಲುಗಳು ನೀರು ಕುಡಿದು ಕುಡಿದು ಭಾರವಾದವು, ಬೆಚ್ಚನೆ ಗಾಳಿಗೆ ಗುಡ್ಡ ಮೊದಲು ಕಣ್ಣೀರಿಟ್ಟಿತು, ಆಮೇಲೆ ಕುಸಿಯಿತು, ಅವಳ ಮೂಗಿನ ಮೇಲೊಂದು ಹನಿ, ಒರೆಸಿಕೊಳ್ಳಲು ಕೈ ಬಿಡುವಿಲ್ಲ, ಮೂಗನ್ನು ಹೆಗಲಿಗೆ ಉಜ್ಜಿಕೊಂಡು ನಕ್ಕಳು, ಮದುವೆಯಾಗಿ ಬಂದು ಆರು ವರ್ಷವಾಯಿತು, ನಾವಿಬ್ಬರೂ ಒಟ್ಟಿಗೆ ಒಂದು ಕೆಲಸ ಮಾಡಿದ್ದು ಇದೇ ಮೊದಲು ಅಲ್ಲವೇ, ಊಟ ಬಡಿಸಿದ್ದಾಳೆ, ನಾನು ಉಂಡಿದ್ದೇನೆ, ಅದು ಒಟ್ಟಿಗೆ ಮಾಡಿದ ಹಾಗಾಗುವುದಿಲ್ಲ. ತಳದಲ್ಲಿ ನೀರು ಇಳಿಯುವ ತೂತು, ಅದರಲ್ಲೂ ಐಸು ಕಟ್ಟಿತ್ತು, ಬೆಚ್ಚನೆ ನೀರು ಸ್ವಲ್ಪ ಸ್ವಲ್ಪ ಬಿಟ್ಟೆ, ಸುಳಿ ತಿರುಗುತ್ತ ಇಳಿಯಿತು. ರೆಕ್ಕೆಯನ್ನು ಬೆರಳಿನಿಂದ ತಳ್ಳಿದೆ, ತಿರುಗಿತು, ಹಗುರವಾಗಿ, ಎಷ್ಟು ಹಗುರವಾಗಿ.

ಆಗಲೇ ಅವಳು ಕೇಳಿದ್ದು, ಇಷ್ಟೊಂದು ಐಸು ಯಾಕೆ ಕಟ್ತು ಮಾವ? ಫಿಟ್ಟರನ ಗತ್ತಿನಲ್ಲಿ ಹೇಳಿದೆ, ಕೆಳಗಿನ ಬಾಗಿಲು ಪೂರ್ತಿ ಮುಚ್ಚದೆ ಇದ್ರೆ ಹೊರಗಿನ ತೇವದ ಗಾಳಿ ನುಗ್ಗುತ್ತೆ, ಇಲ್ಲಿಗೆ ಬಂದು ಹೆಪ್ಪುಗಟ್ಟುತ್ತೆ, ಒಂದಿನ ಎರಡು ದಿನದ್ದಲ್ಲ ಇದು, ಯಾರೋ ವಾರಗಟ್ಟಲೆ ಬಾಗಿಲು ಓರೆ ಬಿಟ್ಟಿದ್ದಾರೆ. ಅವಳ ಮುಖ ಬಾಡಿತು. ತಪ್ಪು ನಂದೇ ಮಾವ, ಮಧ್ಯಾಹ್ನ ಸಾಮಾನು ತರೋಕೆ ಹೋಗಿ ಬಂದಾಗೆಲ್ಲ ಅದು ಕೂಗ್ತಾ ಇರ್ತಿತ್ತು, ಆತುರದಲ್ಲಿ ನಾನೇ ಸರಿಯಾಗಿ ಮುಚ್ಚಿರಲ್ಲ ಅಂದ್ಕೊಂಡು ಮುಚ್ತಿದ್ದೆ. ಕೂಗುತ್ತಾ? ಏನು ಕೂಗುತ್ತೆ? ಫ್ರಿಜ್ಜು ಮಾವ, ಬಾಗಿಲು ತೆರೆದೇ ಇದ್ರೆ ಕೀ ಕೀ ಅಂತ ಕೂಗುತ್ತಲ್ಲ, ಬೀದಿಗೂ ಕೇಳುತ್ತೆ. ನನ್ನ ಕೈಯಲ್ಲಿದ್ದ ಟವೆಲು ಅಲ್ಲೇ ನಿಂತಿತು. ಈ ಫ್ರಿಜ್ಜು ಬಂದು ಮೂರು ವರ್ಷ. ಕೂಗುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಮಧ್ಯಾಹ್ನ ಮೂರಕ್ಕೆ ಅವಳು ಹೊರಟ ಕೂಡಲೇ ಯಾರು ಏಳುತ್ತಾರೆ, ಯಾರು ಒಂದು ಚಮಚ ಹಿಡಿದುಕೊಂಡು ಕೆಳಗಿನ ಬಾಗಿಲು ತೆಗೆಯುತ್ತಾರೆ, ಎರಡನೇ ಹಲಗೆಯ ಮೇಲೆ ಕೆನೆ ಮಿಕ್ಕಿದ ಬಟ್ಟಲು ಯಾರಿಗೆ ಕಾಯುತ್ತಿರುತ್ತದೆ — ಅವಳ ಮೊದಲ ಕೇಕಿನ ದಿನ ಎಲ್ಲರೆದುರು ಹೇಳಿದವನು ನಾನೇ, ಇದೇನಮ್ಮಾ ಸೋಪಿನ ನೊರೆ, ಮಕ್ಕಳು ತಿನ್ನೋದು, ನನಗೆ ಬೇಡ — ಮರುದಿನ ಮಧ್ಯಾಹ್ನ ಸುಮ್ಮನೆ ನಾಲಿಗೆಗೆ ಮುಟ್ಟಿಸಿದೆ, ಕೆಟ್ಟೆ, ಅಂದಿನಿಂದ ಒಂದು ದಿನ ತಪ್ಪಿಸಿದ್ದಿಲ್ಲ. ತಿಂದು ಬಟ್ಟಲು ಒಳಗೆ ತುರುಕುತ್ತೇನೆ, ಅದರ ಹಿಡಿ ಬಾಗಿಲಿಗೆ ಅಡ್ಡವಾಗಿ ಹೊರಗೆ ಚಾಚಿಕೊಂಡಿರುತ್ತದೆ, ಬಾಗಿಲು ತಳ್ಳಿ ಬಂದು ಪೇಪರು ಹಿಡಿಯುತ್ತೇನೆ. ಅಂದರೆ ಅಷ್ಟು ಹೊತ್ತೂ ಅದು ಬಾಗಿಲು ಓರೆ ತೆರೆದುಕೊಂಡು, ದೀಪ ಹೊತ್ತಿಸಿಕೊಂಡು, ನಾಲ್ಕು ಹೆಜ್ಜೆ ಆಚೆ ಕೂತ ನನ್ನನ್ನು ಕೂಗುತ್ತಿತ್ತು. ಹೇಳಿಬಿಡಬೇಕು. ಆಮೇಲೆ ಹೇಳೋಣ, ಮೊದಲು ಸ್ಕ್ರೂ ಹಾಕೋಣ. ಹಾಕಿದೆ, ಎರಡಕ್ಕೆ ಎರಡು, ಬಟ್ಟಲು ಬರಿದು, ಪ್ಲಗ್ಗು ಚುಚ್ಚಿದೆ, ದಪ್ಪ ನಡುಕ ಬಂತು, ಕಾದೆ, ಕಾದೆ, ಐಸಿನ ಖಾನೆಯ ಗೋಡೆ ತಣ್ಣಗಾಗುತ್ತ ಬಂದು ಸಣ್ಣ ನಡುಕವೂ ಬಂತು, ಅವಳು ಕೈ ಹಿಡಿದು ಕುಣಿದಳು, ಕುಣಿತದ ನಡುಕವೂ ನೆಲಕ್ಕೆ ಹತ್ತಿತು. ನಾಲ್ಕರ ಹೊತ್ತಿಗೆ ಒಳಗೆಲ್ಲ ಕೊರೆಯುವಷ್ಟು ತಂಪು, ಹಲ್ಲು ಟಬ್ಬಿನಿಂದ ಮರಳಿ ಒಳಗೆ, ಜಾರಿದ ಬೇರಿಗೆ ಹೊಸ ಕೆನೆ ಬಳಿದಳು, ಬಳಿಯುತ್ತ ಮತ್ತೆ ಅದೇ ಮಾತು, ನನ್ನ ಆತುರದಿಂದ ಎಲ್ಲಾ ಹಾಳಾಗ್ತಿತ್ತು ಮಾವ, ನನಗೆ ಈ ಕೆಲಸ ಆಗಲ್ವೇನೋ, ಬಿಟ್ಟುಬಿಡಲಾ. ಬಿಡುವುದೇ? ಒಂದು ಚಮಚ ಕೆನೆಗೆ ನಾನು ಬಾಯಿ ಮುಚ್ಚಿಕೊಂಡದ್ದಕ್ಕೆ ಈ ಹುಡುಗಿ ಕೆಲಸ ಬಿಡುವುದೇ? ಅಮ್ಮಾ, ಬಾಗಿಲು ಬಿಟ್ಟಿದ್ದು ನೀನಲ್ಲ, ನಾನು! ದಿನಾ ಮಧ್ಯಾಹ್ನ ಕೆನೆ ಕದ್ದು ತಿಂತಿದ್ದೆ, ಎರಡು ತಿಂಗಳಿಂದ, ಬಟ್ಟಲು ನೆಕ್ತಿದ್ದೆ! ನನ್ನ ದನಿ ಎಷ್ಟು ದೊಡ್ಡದೆಂದು ನನಗೆ ಎಂದೂ ತಿಳಿಯುವುದಿಲ್ಲ. ಅವಳ ಕಣ್ಣು ನನ್ನ ಹೆಗಲಾಚೆ ಹೋಯಿತು, ತಿರುಗಿದೆ, ತೆರೆದ ಮುಂಬಾಗಿಲಲ್ಲಿ ಹಲ್ಲಿನ ಡಾಕ್ಟರು, ಕೇಕು ಒಯ್ಯಲು ತಾವೇ ಬಂದಿದ್ದಾರೆ, ಪಕ್ಕದಲ್ಲಿ ಕ್ಲಿನಿಕ್ಕಿನ ನರ್ಸು ಬಾಯಿಗೆ ಕರ್ಚೀಫು ಅಡ್ಡ ಹಿಡಿದು ಅಲುಗುತ್ತಿದ್ದಾಳೆ, ಡಾಕ್ಟರ ತುಟಿ ತುಂಬಾ ಸ್ಪಷ್ಟ, ಯಜಮಾನ್ರೇ, ಸೋಮವಾರ ಬನ್ನಿ, ಬಾಯಿ ನೋಡೋಣ.

ಹಲ್ಲು ಹೋಯಿತು, ನೆಟ್ಟಗೆ, ನಾಲ್ಕೂ ಬೇರಿನ ಮೇಲೆ, ಡಾಕ್ಟರು ಡಬ್ಬಿಯೊಳಗೆ ಇಣುಕಿ ಇದನ್ನ ಕೀಳೋಕೆ ಮನಸ್ಸು ಬರಲ್ಲ ಎಂದರಂತೆ. ಸೊಸೆ ಒಳಬಂದು ನನ್ನೆದುರು ಕೂತಳು, ನಕ್ಕು ನಕ್ಕು ಕಣ್ಣು ಒದ್ದೆ, ತುಟಿ ಓದಲು ಪುರುಸೊತ್ತೇ ಕೊಡುತ್ತಿಲ್ಲ, ನಿಧಾನ ಅಮ್ಮಾ ಎಂದೆ. ನಿಧಾನವಾಗಿ ಹೇಳಿದಳು, ಮಾವ, ಬಟ್ಟಲು ನಾನೇ ಇಡ್ತಿದ್ದೆ, ನಿಮಗೆ ಅಂತಲೇ, ಯಾರಾದ್ರೂ ಅಷ್ಟೊಂದು ಕೆನೆ ಬಳಿಯದೆ ಬಿಡ್ತಾರಾ, ಬಾಗಿಲು ಓರೆ ಬಿಡ್ತಿದ್ದದ್ದು ನೀವು ಅಂತ ಮಾತ್ರ ಗೊತ್ತಿರಲಿಲ್ಲ, ಹಾಗಾಗಿ ಇದರಲ್ಲಿ ನನಗೂ — ಪಾಲು ಎಂದಳೋ ಮಾಲು ಎಂದಳೋ, ಕದ್ದವನಿಗೆ ಎರಡೂ ಸರಿಯೇ. ನನಗೆ ಕಿವಿಯ ತುದಿ ಬಿಸಿಯಾಯಿತು, ಇಷ್ಟು ದಿನ ಕಳ್ಳನ ಹಾಗೆ ಹೆಜ್ಜೆ ಇಡುತ್ತಿದ್ದೆನಲ್ಲ, ಬಡಿಸಿಟ್ಟ ಎಲೆಯ ಮುಂದೆ. ಎದ್ದು ನನ್ನನ್ನು ಫ್ರಿಜ್ಜಿನ ಬಳಿಗೆ ಕರೆದೊಯ್ದಳು, ಬಾಗಿಲು ತೆಗೆದು ಹಿಡಿದಳು, ನನ್ನ ತೋರುಬೆರಳು ಹಿಡಿದು ಬಾಗಿಲಿನ ಮೇಲಂಚಿನಲ್ಲಿದ್ದ ಸಾಸಿವೆಯಂಥ ತೂತುಗಳ ಮೇಲಿಟ್ಟಳು, ಇಲ್ಲಿ, ಸ್ವಲ್ಪ ಇರಿ. ಇದ್ದೆ. ಏನೂ ಇಲ್ಲ, ಏನೂ ಇಲ್ಲ, ಆಮೇಲೆ ಬೆರಳ ತುದಿಯಲ್ಲಿ ಒಂದು ಕಚಗುಳಿ, ಇರುವೆ ಕಾಲು ಬದಲಾಯಿಸಿದಷ್ಟು, ನಿಂತಿತು, ಮತ್ತೆ ಬಂತು. ಇದೇನಾ? ತಲೆಯಾಡಿಸಿದಳು, ಇದೇ. ಬೀದಿಗೆ ಕೇಳುವ ಕೂಗು ಇಷ್ಟೇನಾ. ಮತ್ತೆ ಬಂತು, ಮತ್ತೆ, ಬೆರಳು ತೆಗೆಯಲು ಮನಸ್ಸಿಲ್ಲ, ಎರಡು ತಿಂಗಳು, ದಿನವೂ ಮಧ್ಯಾಹ್ನ, ಬೇರೆ ಯಾರೂ ಇಲ್ಲದ ಮನೆಯಲ್ಲಿ, ನಾನು ಪೇಪರಿನ ಹಿಂದೆ ಮೀಸೆ ಒರೆಸಿಕೊಳ್ಳುತ್ತ, ಅದು ಅಲ್ಲಿ ಬಾಗಿಲು ಓರೆ ತೆರೆದುಕೊಂಡು, ದೀಪ ಹೊತ್ತಿಸಿಕೊಂಡು, ಕೂಗುತ್ತ, ನನ್ನನ್ನೇ ಕೂಗುತ್ತ, ದೀಪ ಹೊತ್ತಿಸಿಕೊಂಡು —