ಶಿವಬಸವ್ವನ ಚಾಕಲೇಟು ಉಂಡಿ

ಉಂಡಿ ಕಟ್ಟುವುದರಲ್ಲಿ ಶಿವಬಸವ್ವ ಎತ್ತಿದ ಕೈ. ಕೇಶ್ವಾಪುರದ ಆ ಓಣಿಯಲ್ಲಿ ಇದನ್ನು ಬೇರೆ ಯಾರೂ ಹೇಳಬೇಕಾಗಿರಲಿಲ್ಲ, ಆಕೆಯೇ ಹೇಳಿಕೊಳ್ಳುತ್ತಿದ್ದಳು. ಶೇಂಗಾ ಇರಲಿ, ಎಳ್ಳು ಇರಲಿ, ನಲವತ್ತೈದು ನಾಗರಪಂಚಮಿಗಳಲ್ಲಿ ಆಕೆ ಕಟ್ಟಿದ ಒಂದು ಉಂಡಿಯೂ ಒಡೆದದ್ದಿಲ್ಲ. ಹಾಗಿರುವಾಗ ಈ ಸಲ ಹಬ್ಬದ ಹಿಂದಿನ ದಿನ ಸೊಸೆ ಉಮಾಶ್ರೀ, ಓಣಿಯ ಹತ್ತು ಮನೆಗಳಿಗೆ ಕೊಡಲು ದುರ್ಗದಬೈಲಿನ ಪೇಟೆಯಿಂದ ಚಾಕಲೇಟಿನ ಡಬ್ಬಿ ತರುತ್ತೇನೆ ಎಂದಾಗ ಆಕೆಗೆ ಮುಖಕ್ಕೆ ಹೊಡೆದ ಹಾಗಾಯಿತು.

ಉಮಾಶ್ರೀ ಕೆಟ್ಟವಳಲ್ಲ. ಹೋದ ವರ್ಷ ಕೊಟ್ಟ ಉಂಡಿಯನ್ನು ಎದುರುಮನೆ ಸುಹಾಸಿನಿಯ ಮಕ್ಕಳು ಮೂಸಿ ಕೂಡ ನೋಡಲಿಲ್ಲವಂತೆ, ಈಗಿನ ಹುಡುಗರಿಗೆ ಚಾಕಲೇಟೇ ಬೇಕಂತೆ ಎಂದು ಮೆತ್ತಗೇ ಹೇಳಿದಳು. ಮೆತ್ತಗೆ ಹೇಳಿದರೂ ಮಾತು ನಾಟಿತು. ತನ್ನ ಕೈಯ ಉಂಡಿ ಇನ್ನು ಯಾರಿಗೂ ಬೇಡವೇ ಎಂದು ಶಿವಬಸವ್ವನಿಗೆ ಮೊದಲ ಸಲ ಹೆದರಿಕೆಯಾಯಿತು. ಹೆದರಿಕೆ ತೋರಿಸಿಕೊಳ್ಳುವ ಜೀವ ಅಲ್ಲ ಅದು.

"ಹಂಗಾರ ನಾನ ಚಾಕಲೇಟಿನ ಉಂಡಿ ಮಾಡ್ತೇನಿ. ನಾಳೆ ಮಧ್ಯಾಹ್ನ ನೀನ ತಿಂದು ನೋಡು. ಛಲೋ ಆಗಲಿಲ್ಲಂದ್ರ ಡಬ್ಬಿ ತಗೊಂಡ ಬಾ."

ಪಂಚಮಿಯ ದಿನ ಆ ಮನೆಯಲ್ಲಿ ಒಲೆಗೆ ಹಂಚು ಇಡುವುದಿಲ್ಲ, ಏನನ್ನೂ ಕರಿಯುವುದಿಲ್ಲ, ಚಾಕು ಮುಟ್ಟುವುದಿಲ್ಲ. ಏನಿದ್ದರೂ ಹಬೆಯಲ್ಲಿ ಬೇಯಬೇಕು. ಸೊಸೆ ಅದನ್ನು ನೆನಪಿಸಿದರೆ ಶಿವಬಸವ್ವ ನಕ್ಕುಬಿಟ್ಟಳು. ಚಾಕಲೇಟಿಗೆ ಬೇಯುವ ತಾಪತ್ರಯವೇ ಇಲ್ಲ, ಕರಗಿದರೆ ಸಾಕೆಂದು ಆಕೆ ಆಗಲೇ ಮೊಬೈಲಿನಲ್ಲಿ ನೋಡಿಯಾಗಿತ್ತು. ಶೇಂಗಾ ಹಿಂದಿನ ದಿನವೇ ಹುರಿದು ಪುಡಿ ಮಾಡಿಟ್ಟಿದ್ದಳು. ಗೋಡಂಬಿಯನ್ನು ಕೈಯಿಂದಲೇ ಮುರಿದಳು, ಅಂಗಡಿಯಿಂದ ತರಿಸಿಟ್ಟಿದ್ದ ಚಾಕಲೇಟಿನ ಗಟ್ಟಿಯನ್ನು ಕುಟ್ಟಿ ಚೂರು ಮಾಡಿದಳು, ಬೋಗುಣಿಗೆ ಹಾಕಿ ಕಡುಬಿನ ಪಾತ್ರೆಯೊಳಗೆ ಇಟ್ಟಳು. ಇಲ್ಲಿಯವರೆಗೆ ಎಲ್ಲ ಸರಿ. ಆದರೆ ಹಬೆಗೆ ಇಟ್ಟದ್ದನ್ನು ಮುಚ್ಚದೆ ಬಿಡುವುದು ಆ ಕೈಗೆ ಗೊತ್ತೇ ಇರಲಿಲ್ಲ. ಕಡುಬಿಗೆ ಮುಚ್ಚುವ ಹಾಗೆ ಮುಚ್ಚಳ ಬಿಗಿಯಾಗಿ ಮುಚ್ಚಿ ದೇವರ ಕೋಣೆಗೆ ಹೋದಳು.

ತಿರುಗಿ ಬಂದು ತೆಗೆದು ನೋಡಿದರೆ, ಮುಚ್ಚಳದ ಹನಿ ಬಿದ್ದು ಚಾಕಲೇಟು ಮರಳು ಮರಳಾಗಿ ಗಂಟು ಕಟ್ಟಿತ್ತು.

"ಕೆಟ್ಟಹೋತ್ರಿ ಅತ್ತಿ," ಎಂದಳು ಉಮಾಶ್ರೀ. "ಇದಕ್ಕ ಒಂದು ಹನಿ ನೀರೂ ತಾಗಬಾರದು. ಚೆಲ್ಲಿಬಿಡ್ರಿ, ನಾ ಲಗೂ ಹೋಗಿ ಡಬ್ಬಿ ತರ್ತೇನಿ."

ಅವಳು ಚಪ್ಪಲಿ ಹುಡುಕುವಷ್ಟರಲ್ಲಿ ಶಿವಬಸವ್ವ ಒಂದು ಚೂರನ್ನು ಬೆರಳಲ್ಲಿ ತಿಕ್ಕಿ ನೋಡಿದಳು. ಬೆಲ್ಲದ ಪಾಕ ಹೆಚ್ಚು ಕಾದು ಏರಿದಾಗಲೂ ಹೀಗೇ ಬಿರುಸಾಗುತ್ತದೆ. ಏರಿದ ಪಾಕವನ್ನು ಆಕೆ ಒಂದು ದಿನವೂ ಚೆಲ್ಲಿದವಳಲ್ಲ, ಇನ್ನಷ್ಟು ನೀರು ಹಾಕಿ ಸರಿಮಾಡಿದವಳು. ಹೋದ ಧೈರ್ಯ ತಿರುಗಿ ಬಂತು.

"ಒಂದ ಹನಿ ಕೊಟ್ಟಿದ್ದಕ್ಕ ಸಿಟ್ಟಿಗೆದ್ದೈತಿ. ಹೊಟ್ಟಿ ತುಂಬ ಕುಡಿಸಿದ್ರ ಸುಮ್ಮನಾಗತೈತಿ," ಎಂದಳು.

ಬಿಸಿ ಹಾಲನ್ನು ಒಂದೊಂದೇ ಚಮಚ ಹಾಕುತ್ತ ತಿರುವಿದಳು. ಮೂರನೆಯ ಚಮಚಕ್ಕೂ ಗಂಟು ಗಂಟಾಗಿಯೇ ಇತ್ತು. ಐದನೆಯದಕ್ಕೆ ಸಡಿಲಾಯಿತು. ಆಮೇಲೆ ತುಪ್ಪ ಬಿದ್ದದ್ದೇ ತಡ, ಹೊಳೆಯುತ್ತ ನುಣ್ಣಗಾಯಿತು. ಶೇಂಗಾ ಪುಡಿ, ಗೋಡಂಬಿ, ಚಿಟಿಕೆ ಯಾಲಕ್ಕಿ ಕಲಸಿ, ಬೆಚ್ಚಗಿರುವಾಗಲೇ ಉಂಡಿ ಕಟ್ಟಿ, ಬಾಗಿಲಲ್ಲಿ ನಿಂತಿದ್ದ ಸೊಸೆಯ ಬಾಯಿಗೇ ಇಟ್ಟಳು. ಉಮಾಶ್ರೀ ತಿಂದು ನೋಡಿದಳು. ಹಾಕಿಕೊಂಡಿದ್ದ ಚಪ್ಪಲಿ ಬಿಟ್ಟು, ಕೈ ತೊಳೆದುಕೊಂಡು ಬಂದು ಉಂಡಿ ಕಟ್ಟಲು ಕೂತಳು.

ಸಂಜೆ ಹತ್ತೂ ಮನೆಗೆ ಉಂಡಿ ಹೋಯಿತು. ದೀಪ ಹಚ್ಚುವ ಹೊತ್ತಿಗೆ ಸುಹಾಸಿನಿಯ ಫೋನು. ಮಕ್ಕಳು ತಟ್ಟೆ ಖಾಲಿ ಮಾಡಿ ಇನ್ನೂ ಬೇಕೆನ್ನುತ್ತಿವೆ, ಮಾಡುವುದು ಹೇಗೆ ಎಂದು ಕೇಳುತ್ತಿದ್ದಳು. ಸೊಸೆ ಹೇಳತೊಡಗಿದಾಗ ಶಿವಬಸವ್ವ ಒಳಗಿನಿಂದ ಕಿವಿಗೊಟ್ಟಳು. ಬೆಳಿಗ್ಗೆ ಆದ ಎಡವಟ್ಟು ಈಗ ಓಣಿಗೆಲ್ಲ ಗೊತ್ತಾಗುತ್ತದೆ ಎಂದುಕೊಂಡಳು.

"ಹಬಿಗೆ ಇಟ್ಟು ಮುಚ್ಚಳಾ ಬಿಗಿಯಾಗಿ ಮುಚ್ಚರಿ," ಎನ್ನುತ್ತಿದ್ದಳು ಉಮಾಶ್ರೀ. ಆ ಕಡೆಯಿಂದ ಸುಹಾಸಿನಿ ಏನೋ ಅಡ್ಡ ಮಾತು ತೆಗೆದಿರಬೇಕು. "ನೀರು ಬೀಳಬಾರದಂತ ಮೊಬೈಲಿನ್ಯಾಗ ಹೇಳೋರಿಗೆ ಏನ ಗೊತ್ರಿ? ಹನಿ ಬೀಳಾಕ ಬೇಕು. ನಮ್ಮ ಅತ್ತ್ಯಾರ ಪದ್ಧತಿನ ಹಂಗ."

ಆ ಪದ್ಧತಿ ಹುಟ್ಟಿ ಇನ್ನೂ ಎಂಟು ತಾಸು ಆಗಿರಲಿಲ್ಲ. ಶಿವಬಸವ್ವನಿಗೆ ಸಂತೋಷಕ್ಕೆ ಕಣ್ಣು ತುಂಬಿ ಬಂತು. ಮೂಗು ಒರೆಸಿಕೊಂಡು, ಹಾಲು ಬಿಸಿಯಾಗಿಯೇ ಇರಬೇಕೆಂದು ಅವಳಿಗೆ ಹೇಳು ಎಂದು ಒಳಗಿನಿಂದಲೇ ಕೂಗಿದಳು.